ನಾಮಿನಿ ಸುವರ್ಣಮ್ಮ

ಚನ್ನರಾಯಪಟ್ಟಣ
4 ಆಗಸ್ಟ್ 2025, ಸೋಮವಾರ

ಶೋಭಿ,

ಈ ಕಾಗದವನ್ನು ಎಂಟೂಕಾಲರ ಬಸ್ಸಿನ ಕಂಡಕ್ಟರ್ ನಟರಾಜು ಕೈಲಿ ಕೊಡುತ್ತಿದ್ದೇನೆ. ಹತ್ತು ಗಂಟೆಗೆಲ್ಲ ಹಾಸನದಲ್ಲಿ ನಿನ್ನ ಆಫೀಸಿಗೆ ಮುಟ್ಟಿಸುತ್ತಾನೆ. ಈ ಕಾಲದಲ್ಲೂ ನಿನ್ನ ಸೋದರಮಾವ ಕಾಗದ ಬರೆಯುತ್ತಾನೆ ಅಂತ ನಗಬೇಡ. ನನ್ನ ಕಿವಿ ಎರಡು ವರ್ಷದಿಂದ ಮಂದ, ಫೋನಿನಲ್ಲಿ ಯಾರು ಏನೆಂದರೂ ಗೊರಗೊರ ಅನ್ನುವುದೇ ಕೇಳುತ್ತದೆ. ಅದೂ ಅಲ್ಲದೆ ಮನೆಯ ಮೊಬೈಲು ಸದಾ ನಿಮ್ಮತ್ತೆಯ ಕೈಯಲ್ಲಿ. ಈ ವಿಷಯ ಅವಳಿಗೆ ಗೊತ್ತಾಗಕೂಡದು.

ಮಂಡಿ ಮುಚ್ಚುತ್ತಿದ್ದೇನೆ ಕಣಮ್ಮ. ಮೂವತ್ತೆಂಟು ವರ್ಷ ರೈತರ ತೆಂಗಿನಕಾಯಿ ಮಾರಿಸಿಕೊಟ್ಟು ದಲಾಲಿ ತಿಂದಿದ್ದು ಸಾಕು. ಅರವತ್ತಮೂರಾಯಿತು, ದೀಪಾವಳಿಗೆ ಬೀಗ. ದುಃಖ ಅಂದುಕೊಂಡೆಯಾ? ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಯಾಕೆ ಅಂತ ಕೇಳು.

ನಿಮ್ಮತ್ತೆಗೆ ನನಗಿಂತ ಮೊದಲು ಹೊಳೆನರಸೀಪುರದ ಒಬ್ಬ ಮೇಷ್ಟರ ಸಂಬಂಧ ಬಂದಿತ್ತು. ಅವಳಪ್ಪ ಅದನ್ನು ಬಿಟ್ಟು ಮಂಡಿ ಇದೆ ಅಂತ ನನಗೆ ಕೊಟ್ಟರು. ಕಾಯಿ ರೇಟು ಬಿದ್ದ ತಿಂಗಳೆಲ್ಲ ಅವಳದು ಒಂದೇ ಮಾತು: "ಮೇಷ್ಟ್ರನ್ನ ಮಾಡ್ಕಂಡಿದ್ರೆ ಒಂದ್ನೇ ತಾರೀಕು ಸಂಬ್ಳ ಬತ್ತಿತ್ತು." ತಮಾಷೆಗೇ ಅನ್ನುತ್ತಾಳೆ. ಆದರೂ ಮೂವತ್ತಾರು ವರ್ಷ ಕೇಳಿದ್ದೇನೆ.

ಈಗ ನೋಡು. ಹೊಳೆನರಸೀಪುರದ ಬಸವೇಶ ಅಂತ ಒಬ್ಬ ಏಜೆಂಟ್ ಇದ್ದಾನೆ, ನಮ್ಮಲ್ಲಿ ಕಾಯಿ ಕೊಳ್ಳುತ್ತಿದ್ದವರ ಮಗ. ಇಪ್ಪತ್ತು ಲಕ್ಷ ಒಂದೇ ಸಾರಿ ಕಂಪನಿಗೆ ಕಟ್ಟಿದರೆ ಜೀವ ಇರುವ ತನಕ ತಿಂಗಳಿಗೆ ಹದಿನಾಲ್ಕು ಸಾವಿರದ ನೂರು ರೂಪಾಯಿ ಪೆನ್ಷನ್. ಅದೂ ಯಾವತ್ತು ಗೊತ್ತಾ? ಒಂದನೇ ತಾರೀಕು. ದುಡ್ಡು ಬಿದ್ದ ಮೆಸೇಜು ಬರುವುದು ನಿಮ್ಮತ್ತೆ ಕೈಯಲ್ಲಿರುವ ಮೊಬೈಲಿಗೇ. ಅವಳು ಒಲೆ ಮುಂದೆ ನಿಂತಿರುವಾಗ ಟಣ್ ಅನ್ನಬೇಕು, ಗಂಡನಿಗೆ ಸಂಬಳ ಆಯಿತು ಅಂತ. ನೆನೆಸಿಕೊಂಡರೆ ನನಗೇ ನಗು ತಡೆಯಲಾಗುವುದಿಲ್ಲ. ಬಸವೇಶ ನಮ್ಮಿಂದ ಏನೂ ತಗೊಳ್ಳುವುದಿಲ್ಲ. "ನಿಮ್ದು ಒಂದ್ ಪೈಸೆ ಬ್ಯಾಡ ಸಾ, ಕಂಪ್ನಿ ನಂಗೆ ಕೊಡ್ತದೆ" ಅಂದ. ಒಳ್ಳೇ ಹುಡುಗ.

ಹಾಕೋಣ ಅಂತ ಇದ್ದೇನೆ. ನೀನು ಈಗ ಇಂಥ ಸಲಹೆಗೇ ಬೋರ್ಡು ಹಾಕಿಕೊಂಡು ಕೂತಿದ್ದೀಯಲ್ಲ, ಒಳ್ಳೇ ಕೆಲಸ ಮಾವ ಅಂತ ಒಂದು ಸಾಲು ಬರೆದು ಕಳಿಸು. ಕವರಿನ ಮೇಲೆ ಮಂಡಿ ವಿಳಾಸ ಹಾಕು, ಮನೆಯದಲ್ಲ.

ಷಡಕ್ಷರಿ


ಹಾಸನ
7 ಆಗಸ್ಟ್ 2025

ಮಾವ,

ನಿಮ್ಮ ಕಾಗದ ಓದಿ ಆಫೀಸಿನಲ್ಲಿ ಒಬ್ಬಳೇ ಕೂತು ನಕ್ಕೆ. ಆ ಮೆಸೇಜು ಬಂದಾಗ ಅತ್ತೆಯ ಮುಖ ನೋಡುವುದಕ್ಕೆ ನಾನೇ ಚನ್ನರಾಯಪಟ್ಟಣಕ್ಕೆ ಬಂದುಬಿಡಲೇ ಅನ್ನಿಸಿತು. ಇಷ್ಟು ವರ್ಷದ ಮೇಲೂ ಹೆಂಡತಿಯನ್ನು ಬೆರಗುಗೊಳಿಸಬೇಕು ಅನ್ನುವ ಗಂಡಂದಿರು ನಮ್ಮ ಕಡೆ ಎಷ್ಟು ಜನ ಇದ್ದಾರೆ ಹೇಳಿ.

ಆದರೆ ಒಳ್ಳೇ ಕೆಲಸ ಅಂತ ಬರೆಯಲು ಇನ್ನೂ ಕೈ ಬರುತ್ತಿಲ್ಲ. ಈ ಥರದ ಪೆನ್ಷನ್‌ನಲ್ಲಿ ಹಲವು ಬಗೆ ಇವೆ. ಬಸವೇಶ ನಿಮಗೆ ಯಾವುದನ್ನು ತೋರಿಸಿದ್ದಾನೆ? ನಿಮ್ಮ ಕಾಲದ ನಂತರ ಅತ್ತೆಗೆ ಬರುತ್ತದೆಯೇ? ಕಂಪನಿಯಿಂದ ಅವನಿಗೆ ಎಷ್ಟು ಸಿಗುತ್ತದೆ ಅಂತ ಕೇಳಿದಿರಾ? ಕೇಳುವುದು ತಪ್ಪಲ್ಲ. ಕಾಗದಪತ್ರ ಇದ್ದರೆ ಸಹಿ ಹಾಕುವ ಮೊದಲು ನನಗೆ ಕಳಿಸಿ.

ಇನ್ನೊಂದು ಮಾತು. ಇದನ್ನು ಬರೆಯಲಾಗದೇ ಮೂರು ದಿನ ಕಳೆದೆ. ನಾನು ಯಾವ ಕಂಪನಿಯಿಂದಲೂ ಕಮಿಷನ್ ತೆಗೆದುಕೊಳ್ಳುವ ಹಾಗಿಲ್ಲ. ಕಾಗದ ಓದಿ, ಯೋಚನೆ ಮಾಡಿ, ಸಲಹೆ ಬರೆದುಕೊಟ್ಟರೆ ಮೂರೂವರೆ ಸಾವಿರ ಫೀಸು. ಅದೊಂದೇ ನನ್ನ ಸಂಪಾದನೆ. ನೆಂಟರಿಗೆ ಬಿಟ್ಟಿ ಅಂತ ಶುರು ಮಾಡಿದರೆ ಹಾಸನ ಜಿಲ್ಲೆಯಲ್ಲಿ ನನಗೆ ನೆಂಟರಲ್ಲದವರು ಯಾರೂ ಸಿಗುವುದಿಲ್ಲ. ನನ್ನ ಮೈದುನನಿಂದಲೂ ತೆಗೆದುಕೊಂಡಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಶೋಭಿತಾ


ಚನ್ನರಾಯಪಟ್ಟಣ
9 ಆಗಸ್ಟ್ 2025

ಶೋಭಿತಾ,

ಕಾಗದ ಬಂತು, ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೊಂದು ಸಾರಿ ಓದಿದೆ. ಆಗಲೂ ಮೂರೂವರೆ ಸಾವಿರವೇ ಇತ್ತು.

ಬಾಯಿ ಮಾತಿಗೂ ಬಿಲ್ಲು ಹಾಕುವ ಅಂಗಡಿಯನ್ನು ಈ ವಯಸ್ಸಿನಲ್ಲಿ ನೋಡುವ ಹಾಗಾಯಿತು. ಚಿಕ್ಕವಳಿದ್ದಾಗ ನೀನು ಲಂಗ ಹಾಕಿಕೊಂಡು ಮಂಡಿಗೆ ಬಂದು ಕಾಯಿ ಗುಡ್ಡೆ ಹತ್ತಿ ಕೂರುತ್ತಿದ್ದೆ. ಇಳಿಸಿ ಎಳನೀರು ಕುಡಿಸಿ ಮನೆಗೆ ಕಳಿಸುತ್ತಿದ್ದೆ, ನಾನೇನು ರಸೀದಿ ಹರಿದಿದ್ದೆನಾ? ಆ ಬಸವೇಶ ಯಾರೋ ಏನೋ, ಐದು ಸಾರಿ ಬಸ್ಸು ಹತ್ತಿ ಬಂದ, ಫಾರಂ ತಾನೇ ತುಂಬಿದ, ನಾನು ಕೊಟ್ಟ ಕಾಫಿ ಬಿಟ್ಟು ಇನ್ನೇನೂ ಮುಟ್ಟಲಿಲ್ಲ. ಅವನಿಗೆಷ್ಟು ಅಂತ ಕೇಳಬೇಕಂತೆ. ಕಮಿಷನ್ ಅಂದರೆ ಏನು ಅಂತ ನನಗೆ ನೀನು ಹೇಳಿಕೊಡಬೇಕಾ? ಅದರಲ್ಲೇ ಅನ್ನ ತಿಂದವನು ನಾನು. ಕಂಪನಿ ಕೊಡುತ್ತದೆ, ಅವನು ತಗೊಳ್ಳುತ್ತಾನೆ, ನನಗೇನು ಹೋಯಿತು?

ನಿಮ್ಮತ್ತೆಗೆ ಬರುತ್ತದಾ ಅಂತ ಬೇರೆ ಕೇಳಿದ್ದೀಯ. ಅವಳನ್ನು ಬಿಟ್ಟು ಮಾಡುತ್ತೇನಾ? ನಾಮಿನಿ ಅಂತ ಇರುವ ಕಡೆ ಸುವರ್ಣಮ್ಮ, ಹೆಂಡತಿ ಅಂತ ನಾನೇ ಎದುರಿಗೆ ಕೂತು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಹೌದು, ಬರೆಸಿ ಆಯಿತು. ಆಗಸ್ಟ್ ಒಂದಕ್ಕೇ ಚೆಕ್ಕು ಕೊಟ್ಟಿದ್ದೆ. ನಿನ್ನನ್ನು ಕೇಳಿದ್ದು ನೀನೂ ಖುಷಿ ಪಡಲಿ ಅಂತ.

ಅರಕಲಗೂಡಿನ ಬ್ಯಾಂಕಿನಲ್ಲಿ ಕೈತುಂಬ ಸಂಬಳ ಬರುತ್ತಿತ್ತು. ಯಾಕೆ ಬಿಟ್ಟೆ ಅಂತ ನೀನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅವರೇ ಬಿಡಿಸಿದರಂತೆ ಅಂತ ಜನ ಆಡಿಕೊಂಡಾಗ ನಾನು ಜಗಳ ಆಡಿದ್ದೇನೆ. ಈಗ ಸುಮ್ಮನಿರುವುದೇ ಮೇಲು ಅನ್ನಿಸುತ್ತಿದೆ.

ಷಡಕ್ಷರಿ


ಚನ್ನರಾಯಪಟ್ಟಣ
14 ಆಗಸ್ಟ್ 2025

ಶೋಭಿತಾ,

ನಿನ್ನೆ, 13ನೇ ತಾರೀಕು, ಪಾಲಿಸಿ ಅಂಚೆಯಲ್ಲಿ ಮಂಡಿಗೆ ಬಂತು. ಗಟ್ಟಿ ಕಾಗದ, ಬಣ್ಣದ ಮುದ್ರೆ, ನನ್ನ ಹೆಸರು ಇಂಗ್ಲಿಷಿನಲ್ಲಿ. ಕಲ್ಲಂಗಡಿ ಬಣ್ಣದ ಕವರಿನಲ್ಲಿಟ್ಟು ಗಲ್ಲಾಪೆಟ್ಟಿಗೆಗೆ ಹಾಕಿ ಬೀಗ ಹಾಕಿದ್ದೇನೆ. ನಿನಗೆ ತಿಳಿಸಬೇಕು ಅನ್ನಿಸಿತು, ತಿಳಿಸಿದ್ದೇನೆ.

ನಟರಾಜು ದಿನಾ ಸಂಜೆ ಮಂಡಿ ಮುಂದೆ ಬಸ್ಸು ನಿಧಾನ ಮಾಡಿ ಏನೂ ಇಲ್ಲ ಅಂತ ಕೈ ಅಲ್ಲಾಡಿಸಿ ಹೋಗುತ್ತಾನೆ.

ಷಡಕ್ಷರಿ


ಚನ್ನರಾಯಪಟ್ಟಣ
25 ಆಗಸ್ಟ್ 2025

ಶೋಭಿ,

ನಾಳೆ ಗೌರಿ ಹಬ್ಬ. ಬಾಗಿನದ ಮೊರ ನಟರಾಜು ಕೈಲಿ ಕೊಟ್ಟಿದ್ದೇನೆ, ಸೀಟಿನ ಕೆಳಗೆ ಇಡಬೇಡ, ನಿನ್ನ ಪಕ್ಕದಲ್ಲೇ ಇಟ್ಟುಕೊಂಡು ಹೋಗು ಅಂತ ಹೇಳಿದ್ದೇನೆ. ನನ್ನಕ್ಕ ಇದ್ದಾಗ ಅವಳಿಗೆ ಕಳಿಸುತ್ತಿದ್ದೆ. ಅವಳು ಹೋಗಿ ಆರು ವರ್ಷವಾಯಿತು, ಅಲ್ಲಿಂದ ನಿನಗೆ. ತವರಿನ ಬಾಗಿನ ನಿಲ್ಲಿಸುವುದಕ್ಕೆ ನಿನ್ನ ಫೀಸಿನ ಜಗಳ ಸಾಲದು.

ಬಳೆ ನಿಮ್ಮತ್ತೆ ಆರಿಸಿದ್ದು. ಹಸಿರು ಗಾಜು, ಎರಡು ಡಜನ್. ಮೇಲಿನ ಮೊರ ಮುಚ್ಚಿ ಅವಳು ಕಟ್ಟುವ ಮೊದಲು ನಾನು ಬಳೆಯ ಕೆಳಗೆ ಪಾಲಿಸಿಯ ಜೆರಾಕ್ಸ್ ಸೇರಿಸಿದ್ದೇನೆ. ಸಲಹೆಗೆ ಅಲ್ಲ. ಸುಮ್ಮನೆ ನೋಡು, ಎಷ್ಟು ಚೆನ್ನಾಗಿದೆ ಅಂತ. ನೋಡುವುದಕ್ಕೆ ಫೀಸು ಇಲ್ಲ ತಾನೇ?

ನಿನಗೆ ಮೈ ಹುಷಾರಿಲ್ಲವೇನೋ ಅಂತ ನಿಮ್ಮತ್ತೆ ಕೇಳಿದಳು. ಕೆಲಸ ಜಾಸ್ತಿ ಅಂತೆ ಅಂದೆ.

ಮಾವ


ಹಾಸನ
26 ಆಗಸ್ಟ್ 2025, ಗೌರಿ ಹಬ್ಬದ ಸಂಜೆ

ಮಾವ,

ಬಾಗಿನ ಬಂತು. ಬಳೆ ತೊಟ್ಟುಕೊಂಡೇ ಬರೆಯುತ್ತಿದ್ದೇನೆ. ಕಾಗದ ಬರೆಯದೆ ಇದ್ದದ್ದು ಕೋಪದಿಂದ. ನೀವು ಅರಕಲಗೂಡಿನ ಮಾತು ಎತ್ತಿದ್ದು ಚುಚ್ಚಿತು. ಚುಚ್ಚಿದ್ದು ಸುಳ್ಳಾಗಿದ್ದಕ್ಕಲ್ಲ, ಅದರಲ್ಲಿ ಅರ್ಧ ನಿಜ ಇದ್ದದ್ದಕ್ಕೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಪಾಲಿಸಿ, ಅದಕ್ಕೆ ದಿನ ಕಮ್ಮಿ ಇದೆ.

ಎರಡನೇ ಪುಟ ತೆಗೆಯಿರಿ. ಪೆನ್ಷನ್ ಪಡೆಯುವವರು ಅಂತ ಇರುವ ಕಡೆ ನಿಮ್ಮೊಬ್ಬರ ಹೆಸರಿದೆ. ಅವರ ಜೀವಿತಾವಧಿಯವರೆಗೆ ಮಾತ್ರ ಅಂತ ಬರೆದಿದೆ. ಅಂದರೆ ನೀವು ಇರುವ ತನಕ ತಿಂಗಳಿಗೆ ಹದಿನಾಲ್ಕು ಸಾವಿರದ ನೂರು. ನೀವು ಹೋದ ತಿಂಗಳಿಂದ ಏನೂ ಇಲ್ಲ. ಇಪ್ಪತ್ತು ಲಕ್ಷವೂ ವಾಪಸ್ ಬರುವುದಿಲ್ಲ. ನಾಮಿನಿ ಸುವರ್ಣಮ್ಮ ಅಂತ ದಪ್ಪ ಅಕ್ಷರದಲ್ಲೇ ಇದೆ, ನೋಡಿದೆ. ಆದರೆ ಉಳಿದದ್ದೇನಾದರೂ ಇದ್ದರೆ ತಗೊಳ್ಳುವವರು ನಾಮಿನಿ. ಈ ಬಗೆಯಲ್ಲಿ ಉಳಿಯುವುದು ಏನೂ ಇಲ್ಲ. ಇಬ್ಬರ ಹೆಸರಿನಲ್ಲೂ ಮಾಡುವ ಬಗೆ ಬೇರೆ ಇದೆ. ಅದರಲ್ಲಿ ತಿಂಗಳಿಗೆ ಹನ್ನೆರಡು ಸಾವಿರದ ಮುನ್ನೂರರ ಹತ್ತಿರ ಬರುತ್ತದೆ, ಇಬ್ಬರಲ್ಲಿ ಯಾರು ಉಳಿದರೂ ಅಷ್ಟೇ ಬರುತ್ತಿರುತ್ತದೆ.

ಇನ್ನು ಬಸವೇಶ. ನೀವು ಕಟ್ಟಿದ್ದಕ್ಕೆ ನೂರಕ್ಕೆ ಎರಡು ಅಂದರೂ ಅವನಿಗೆ ನಲವತ್ತು ಸಾವಿರ. ಕಂಪನಿ ಕೊಡುತ್ತದೆ ಅನ್ನುವುದು ನಿಜ. ಎಲ್ಲಿಂದ ಕೊಡುತ್ತದೆ? ನಿಮಗೆ ತಿಂಗಳಿಗೆ ಎಷ್ಟು ಕೊಡಬಹುದು ಅಂತ ಕೂತು ಲೆಕ್ಕ ಹಾಕುವಾಗಲೇ ಆ ಖರ್ಚನ್ನು ತೆಗೆದಿಟ್ಟಿರುತ್ತದೆ. ನಿಮ್ಮ ಮಂಡಿಯಲ್ಲಿ ಕಾಯಿ ಎಣಿಸುವಾಗ ನೂರರ ಮೇಲೆ ನಾಲ್ಕು ಕಾಯಿ ಹಾಕಿಸಿಕೊಳ್ಳುತ್ತಿದ್ದಿರಿ. ಗುಡ್ಡೆಯ ಮೇಲೆ ಕೂತು ನಾನೂ ಎಣಿಸುತ್ತಿದ್ದೆ. ಆ ನಾಲ್ಕನ್ನು ಯಾರೂ ಕಮಿಷನ್ ಅನ್ನುತ್ತಿರಲಿಲ್ಲ. ಆದರೆ ಅವು ರೈತನ ಮರದವೇ. ನನ್ನ ಮೂರೂವರೆ ಸಾವಿರ ನಿಮ್ಮ ಕಣ್ಣಿಗೆ ಬಿತ್ತು, ಕೋಪ ಬಂತು. ನಲವತ್ತು ಸಾವಿರ ಕಣ್ಣಿಗೆ ಬೀಳಲಿಲ್ಲ. ಬಸವೇಶ ಕಳ್ಳ ಅಂತ ನಾನು ಹೇಳುತ್ತಿಲ್ಲ. ನೀವು ಸುಮ್ಮನೆ ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ ಅಂದರೆ ಅವನಿಗೆ ಆ ತಿಂಗಳು ಏನೂ ಸಿಗುವುದಿಲ್ಲ, ಅಷ್ಟೇ.

ಈಗ ಅರಕಲಗೂಡು. ಹಳ್ಳಿಮೈಸೂರಿನ ರೇವಮ್ಮ ಅಂತ, ಆಸ್ಪತ್ರೆಯಲ್ಲಿ ಆಯಾ ಆಗಿ ನಿವೃತ್ತಿಯಾದವರು. ನಾಲ್ಕು ಲಕ್ಷ ತಂದು, ತಿಂಗಳು ತಿಂಗಳು ಏನಾದರೂ ಬರೋ ಹಂಗೆ ಮಾಡಿಕೊಡವ್ವ ಅಂದರು. ಅದು ಮಾರ್ಚಿ. ಇಷ್ಟು ಪಾಲಿಸಿ ಮಾರಲೇಬೇಕು ಅಂತ ಬ್ರಾಂಚಿಗೆ ಟಾರ್ಗೆಟ್ ಇತ್ತು. ನಾನು ಅವರಿಗೆ ಪ್ರತಿ ವರ್ಷವೂ ಅಷ್ಟೇ ಕಟ್ಟಬೇಕಾದ ಪಾಲಿಸಿಗೆ ಸಹಿ ಹಾಕಿಸಿದೆ. ಒಂದೇ ಸಾರಿ ಕಟ್ಟುವುದು ಅಂತ ಅವರು ತಿಳಿದುಕೊಂಡಿದ್ದರು, ನಾನು ತಿದ್ದಲಿಲ್ಲ. ನನಗೆ ಬಹುಮಾನ ಅಂತ ಒಂದು ಗ್ರೈಂಡರ್ ಬಂತು. ರೇವಮ್ಮ ಬ್ಯಾಂಕಿಗೆ ಬಂದಾಗಲೆಲ್ಲ ಹಿತ್ತಿಲ ಕರಿಬೇವು ತಂದುಕೊಡುತ್ತಿದ್ದರು. ವರ್ಷವಾದ ಮೇಲೆ ಎರಡನೇ ಕಂತು ಕಟ್ಟಿ ಅಂತ ನೋಟೀಸು ಹಿಡಿದುಕೊಂಡು ಬಂದ ದಿನವೂ ಕರಿಬೇವು ತಂದಿದ್ದರು. ಅವತ್ತೇ ರಾಜೀನಾಮೆ ಬರೆದೆ. ಯಾರೂ ಬಿಡಿಸಲಿಲ್ಲ ಮಾವ. ಬ್ಯಾಂಕಿನವರೇ ಬಿಡಿಸಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ರೇವಮ್ಮನ ದುಡ್ಡು ವಾಪಸ್ ಕೊಡಿಸಲು ಈಗಲೂ ಓಡಾಡುತ್ತಿದ್ದೇನೆ.

ರೇವಮ್ಮನಿಗೆ ತಡವಾಗಿತ್ತು, ನಿಮಗೆ ಆಗಿಲ್ಲ. ಪಾಲಿಸಿ ಕೈಗೆ ಬಂದ ಮೂವತ್ತು ದಿನದೊಳಗೆ ಬೇಡ ಅಂತ ಬರೆದುಕೊಟ್ಟು ವಾಪಸ್ ಮಾಡಬಹುದು. ಮೊದಲ ಪುಟದಲ್ಲೇ ಇದೆ. ನಿಮಗೆ ಬಂದದ್ದು ಆಗಸ್ಟ್ 13. ಸೆಪ್ಟೆಂಬರ್ 12 ಶುಕ್ರವಾರ ಕೊನೆ. ಇವತ್ತಿಗೆ ಹದಿನೇಳು ದಿನ ಇದೆ. ಪತ್ರದ ಒಕ್ಕಣೆ ಬರೆದು ಇದರ ಜೊತೆ ಇಟ್ಟಿದ್ದೇನೆ. ನೀವು ಬರೀ ಸಹಿ ಹಾಕಿ.

ಶೋಭಿ


ಚನ್ನರಾಯಪಟ್ಟಣ
29 ಆಗಸ್ಟ್ 2025

ಶೋಭಿ,

ಎರಡು ದಿನ ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಬ್ಯಾಂಕಿನ ವಿಷಯದಲ್ಲಿ ನಾನು ಬರೆದ ಮಾತನ್ನು ಹೊಟ್ಟೆಗೆ ಹಾಕಿಕೋ. ಬರೆಯುವಾಗಲೇ ತಪ್ಪು ಅಂತ ಗೊತ್ತಿತ್ತು, ಆದರೂ ಬರೆದೆ.

ನಿನ್ನೆ ಚಲುವಯ್ಯ ಅಂತ ನಮ್ಮ ಹಳೇ ರೈತ ಕಾಯಿ ತಂದಿದ್ದ. ನೂರು ಎಣಿಸಿ ಆಯಿತು, ಹಮಾಲಿ ನಾಲ್ಕು ಮೇಲೆ ಹಾಕಿದ. ನನ್ನ ಕಣ್ಣು ಆ ನಾಲ್ಕರ ಮೇಲೇ ನಿಂತಿತು. ಇದೇ ಚಲುವಯ್ಯ ಹದಿನೈದು ವರ್ಷದ ಕೆಳಗೆ, ನಿಮಗೇನು ಸಿಕ್ತದೆ ಅಂತ ನನ್ನನ್ನು ಕೇಳಿದ್ದ. ನಾನು ನಕ್ಕು "ನಿನ್ದು ಒಂದ್ ಪೈಸೆ ಬ್ಯಾಡ ಕಣಯ್ಯ, ಕೊಳ್ಳೋರು ಕೊಡ್ತಾರೆ" ಅಂದಿದ್ದೆ. ಬಸವೇಶ ನನಗೆ ಹೇಳಿದ್ದೂ ಅದೇ ಮಾತು, ಅದೇ ನಗು. ಮೂವತ್ತೆಂಟು ವರ್ಷ ನಾನೇ ಹೇಳಿಕೊಂಡು ಬಂದದ್ದನ್ನು ಬೇರೆಯವನು ಹೇಳಿದಾಗ ಗುರುತು ಹಿಡಿಯಲಿಲ್ಲ, ಒಳ್ಳೇ ಹುಡುಗ ಅಂತ ಕಾಫಿ ಕೊಟ್ಟೆ. ಯಾಕೆ ಗೊತ್ತಾ? ಗಲ್ಲಾಪೆಟ್ಟಿಗೆ ಮುಂದೆ ಕೂತು ಕೂತು, ಒಂದು ದಿನ ನಾನೂ ಕಾಯಿ ಹೊತ್ತು ತಂದವನಾಗುತ್ತೇನೆ ಅಂತ ತಲೆಗೇ ಹೊಳೆಯಲಿಲ್ಲ. ಚಲುವಯ್ಯನಿಗೆ ನಾಲ್ಕು ಕಾಯಿ ವಾಪಸ್ ಕೊಟ್ಟೆ. ಕಾಯಿ ಕೊಳೆತಿದೆಯೇನೋ ಅಂತ ಅವನು ನಾಲ್ಕನ್ನೂ ಕಿವಿ ಹತ್ತಿರ ಅಲ್ಲಾಡಿಸಿ ನೋಡಿದ.

ಬಸವೇಶನನ್ನು ಕರೆಸಿದೆ. ಬೈಯುವುದಕ್ಕೆ ಅಂತಲೇ ಕರೆಸಿದ್ದು. ಅವನು ಒಂದೇ ಮಾತು ಅಂದ: "ಮೂರ್ ಬಗೆ ತೋರ್ಸಿದ್ದೆ ಸಾ. ಯಾವ್ದ್ರಾಗೆ ಜಾಸ್ತಿ ಬತ್ತದೆ ಅಂದ್ರಿ, ಅದ್ನೇ ಬರ್ದೆ." ನಿಜ ಶೋಭಿ. ನಾನೇ ಹಾಗಂದಿದ್ದು. ಮೇಷ್ಟರ ಪೆನ್ಷನ್ನಿಗಿಂತ ಕಮ್ಮಿ ಆಗಬಾರದು ಅಂತ ತಲೆಯಲ್ಲಿತ್ತು. ಜಾಸ್ತಿ ಯಾಕೆ ಬರುತ್ತದೆ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ವಾಪಸ್ ಮಾಡಿದರೆ ಕಂಪನಿ ಅವನ ಕಮಿಷನ್ ಹಿಂದಕ್ಕೆ ತಗೊಳ್ಳುತ್ತದಂತೆ. ಅದರಲ್ಲಿ ಮಗಳ ಕಾಲೇಜಿಗೆ ಕಟ್ಟಿಬಿಟ್ಟಿದ್ದಾನಂತೆ. ತಲೆ ತಗ್ಗಿಸಿಕೊಂಡು ಹೋದ.

ಸೋಮವಾರ ಹಾಸನಕ್ಕೆ ಬಂದು ಪತ್ರ ಕೊಟ್ಟುಬಿಡುತ್ತೇನೆ. ನಿಮ್ಮತ್ತೆಗೆ ಏನೂ ಗೊತ್ತಾಗುವುದು ಬೇಡ. ಹಳೆಯದು ಹೋಗಿ ಹೊಸದು ಬರಲಿ, ಅವಳಿಗೆ ಮೊದಲ ಸಂಬಳ ತಿಂಗಳು ತಡವಾಗಿ ಬರಲಿ.

ಮಾವ


ಚನ್ನರಾಯಪಟ್ಟಣ
1 ಸೆಪ್ಟೆಂಬರ್ 2025, ಸೋಮವಾರ

ಶೋಭಿ,

ಇವತ್ತು ಬರಲಾಗಲಿಲ್ಲ. ಸಂಬಳ ಬಂದುಬಿಟ್ಟಿತು.

ನಾನು ಮರೆತೇಬಿಟ್ಟಿದ್ದೆ ನೋಡು, ಇವತ್ತು ಒಂದನೇ ತಾರೀಕು. ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮತ್ತೆ ಮನೆಯಿಂದ ಮಂಡಿಗೆ ಓಡಿ ಬಂದಳು. ಸೆರಗಿಗೆ ಹಿಟ್ಟು ಮೆತ್ತಿಕೊಂಡಿತ್ತು. "ಯಾರೋ ತೆಪ್ಪಾಗಿ ನಿಮ್ ಖಾತೆಗೆ ದುಡ್ಡಾಕ್ಬುಟ್ಟವ್ರೆ ಕಣ್ರೀ, ಪಾಪ, ವಾಪಸ್ ಕೊಟ್ಬುಡಿ" ಅಂದಳು. ನನಗೆ ತಡೆಯಲಾಗಲಿಲ್ಲ. ಅದು ನನ್ನ ಸಂಬಳ, ಇನ್ನು ಮೇಲೆ ಒಂದನೇ ತಾರೀಕಿಗೆ ತಪ್ಪದೆ ಬರುತ್ತದೆ ಅಂದುಬಿಟ್ಟೆ. ಅವಳು ನನ್ನ ಮುಖ ನೋಡಿದಳು, ಮೊಬೈಲು ನೋಡಿದಳು, ಹಮಾಲಿಗಳ ಎದುರಿಗೇ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಮದುವೆಯಾದ ಹೊಸತರಲ್ಲಿ ಹಾಗೆ ನಗುತ್ತಿದ್ದಳು. ಹಿಗ್ಗಿ ಹೀರೇಕಾಯಿ ಆಗಿಬಿಟ್ಟೆ ಶೋಭಿ, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಒಬ್ಬಟ್ಟು ಮಾಡಿದಳು. ಬೀದಿಯ ಏಳು ಮನೆಗೆ ಹಂಚಿ, ನಮ್ಮನೆಯೋರಿಗೆ ಸಂಬ್ಳ ಆಯ್ತು ಅಂತ ಹೇಳಿ ಬಂದಳು. ಎಷ್ಟು ದಿನ ಬರುತ್ತದೆ ಅಂತ ಊಟಕ್ಕೆ ಕೂತಾಗ ಕೇಳಿದಳು. ಸಾಯುವ ತನಕ ಅಂದೆ. ಯಾರು ಸಾಯುವ ತನಕ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಹೇಗೆ ವಾಪಸ್ ಮಾಡಲಿ? ಹಾಗೇ ಬಿಟ್ಟರೆ ಏನಾಗುತ್ತದೆ? ನಾನು ಗಟ್ಟಿಯಾಗಿದ್ದೇನೆ, ಇನ್ನೂ ಇಪ್ಪತ್ತು ವರ್ಷ ಎಲ್ಲೂ ಹೋಗುವುದಿಲ್ಲ. ತಿಂಗಳಿಗೆ ಸಾವಿರದ ಎಂಟುನೂರು ಹೆಚ್ಚು ಬರುವುದನ್ನು ಕೂಡಿಟ್ಟರೆ ಅದೇ ಅವಳಿಗಾಗುವುದಿಲ್ಲವಾ? ಹೌದು ಅಂತ ಬರಿ. ಫೀಸು ಕೊಡುತ್ತೇನೆ.

ಮಾವ


ಹಾಸನ
3 ಸೆಪ್ಟೆಂಬರ್ 2025

ಮಾವ,

ಫೀಸು ಕೊಟ್ಟರೂ ಹೌದು ಅಂತ ಬರೆಯುವುದಿಲ್ಲ.

ಇಪ್ಪತ್ತು ವರ್ಷ ಇರಿ, ಮೂವತ್ತು ವರ್ಷ ಇರಿ. ಇಪ್ಪತ್ತು ವರ್ಷಕ್ಕೆ ಅತ್ತೆಗೆ ಎಪ್ಪತ್ತೇಳು. ಅವರಮ್ಮ ತೊಂಬತ್ತೊಂದಕ್ಕೆ ಹೋದವರು. ಕೂಡಿಡುತ್ತೇನೆ ಅನ್ನುತ್ತೀರಿ, ಈ ತಿಂಗಳ ಹೆಚ್ಚಿನ ಸಾವಿರದ ಎಂಟುನೂರನ್ನು ಕೂಡಿಟ್ಟಿರಾ, ಒಬ್ಬಟ್ಟಾಯಿತಾ? ನೀವು ಎರಡು ವರ್ಷಕ್ಕೇ ಹೋದರೆ ಅನ್ನುವ ಮಾತನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯಬೇಕು. ಆಗ ಒಂದನೇ ತಾರೀಕು ಅತ್ತೆ ಮೊಬೈಲು ಹಿಡಿದುಕೊಂಡು ಕೂತಿರುತ್ತಾರೆ.

ಇನ್ನೊಂದು ವಿಷಯ ನಿಮಗೆ ಹಿಡಿಸುವುದಿಲ್ಲ. ಇಬ್ಬರ ಹೆಸರಿನ ಅರ್ಜಿಗೆ ಇಬ್ಬರ ಸಹಿಯೂ ಬೇಕು, ಅತ್ತೆಯ ವಯಸ್ಸಿನ ದಾಖಲೆಯೂ ಬೇಕು. ಹಳೆಯದಕ್ಕೆ ಅವರು ಬೇಕಾಗಿರಲಿಲ್ಲ, ಅದಕ್ಕೇ ನೀವು ಗುಟ್ಟಾಗಿ ಮಾಡಲು ಆಯಿತು. ಸರಿಯಾದದ್ದನ್ನು ಗುಟ್ಟಾಗಿ ಮಾಡಲು ಬರುವುದಿಲ್ಲ. ಅತ್ತೆಗೆ ಹೇಳಿ. ನಾನು ಹೇಳುವುದಿಲ್ಲ, ಅದು ನಿಮ್ಮ ಕೆಲಸ.

ಈ ಸಾರಿ ನೇರವಾಗಿ ಕಂಪನಿ ಆಫೀಸಿಗೇ ಹೋಗಿ ಕೊಡಿ. ಏಜೆಂಟ್ ಇಲ್ಲದೆ ಹೋದವರಿಗೆ ಸ್ವಲ್ಪ ಹೆಚ್ಚು ಕೊಡುತ್ತಾರಾ ಅಂತ ಕೇಳಿ, ಕೆಲವು ಕಡೆ ಕೊಡುತ್ತಾರೆ. ಈಗ ಬಂದ ಒಂದು ತಿಂಗಳ ಪೆನ್ಷನ್ ಮತ್ತು ಸಣ್ಣಪುಟ್ಟ ಖರ್ಚು ಹಿಡಿದುಕೊಂಡು ಉಳಿದದ್ದು ವಾಪಸ್ ಬರುತ್ತದೆ. ಒಂಬತ್ತು ದಿನ ಇದೆ ಮಾವ. ಹನ್ನೆರಡನೇ ತಾರೀಕು ದಾಟಿಸಬೇಡಿ.

ಶೋಭಿ


ಹಾಸನ, ನಿನ್ನ ಆಫೀಸಿನ ಮೆಟ್ಟಿಲು
11 ಸೆಪ್ಟೆಂಬರ್ 2025, ಗುರುವಾರ

ಶೋಭಿ,

ನಿನ್ನ ಬಾಗಿಲಿಗೆ ಬೀಗ. ಅರಕಲಗೂಡಿಗೆ ಹೋಗಿದ್ದೀಯಂತೆ, ಪಕ್ಕದ ಟೀ ಅಂಗಡಿಯವನು ಹೇಳಿದ. ರೇವಮ್ಮನ ಕೆಲಸ ಇರಬೇಕು, ಆಗಲಿ. ಟೀ ಅಂಗಡಿಯವನ ಹತ್ತಿರ ಎರಡು ಹಾಳೆ ಇಸಕೊಂಡು ಬರೆಯುತ್ತಿದ್ದೇನೆ. ನಿಮ್ಮತ್ತೆ ಪಕ್ಕದಲ್ಲಿ ಕೂತು ಬನ್ನು ತಿನ್ನುತ್ತಿದ್ದಾಳೆ. ಕೆಲಸ ಆಯಿತು ಕಣಮ್ಮ. ವಾಪಸ್ ಪತ್ರಕ್ಕೆ ಸೀಲು ಹೊಡೆದು ನಕಲು ಕೊಟ್ಟರು, ಇನ್ನೂ ಒಂದು ದಿನ ಬಾಕಿ ಇದ್ದಾಗಲೇ. ನಾನು ಆ ಸೀಲನ್ನು ನಾಲ್ಕು ಸಾರಿ ನೋಡಿಕೊಂಡೆ.

ನಿನ್ನ ಕಾಗದ ಬಂದ ಮೇಲೆ ಆರು ದಿನ ಬಾಯಿ ಬಿಡಲಿಲ್ಲ, ಬೈದುಕೋ. ದಿನಾ ಊಟಕ್ಕೆ ಕೂತಾಗ ಇವತ್ತು ಹೇಳುತ್ತೇನೆ ಅಂದುಕೊಳ್ಳುವುದು, ಕೈ ತೊಳೆದು ಏಳುವುದು. ಮೊನ್ನೆ ಮಂಗಳವಾರ ಪಾಲಿಸಿ ತಂದು ಅವಳ ಮುಂದೆ ಇಟ್ಟೆ. ನಾಮಿನಿ ಇರುವ ಜಾಗ ತೋರಿಸಿದೆ, ಆಮೇಲೆ ಎರಡನೇ ಪುಟ ತೋರಿಸಿ ನೀನು ಬರೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವಳು ಆ ಹೆಸರಿನ ಮೇಲೆ ಬೆರಳಿಟ್ಟಳು. "ಎಸ್ರು ನಂದದೆ, ದುಡ್ಡೇ ಇಲ್ವಲ್ರೀ" ಅಂದಳು. ಅಷ್ಟೇ. ಒಂದು ದಿನ ಪೂರ್ತಿ ಮಾತಾಡದೆ ಬಡಿಸಿದಳು. ದುಡ್ಡಿಗೆ ಕೋಪವೋ, ಗುಟ್ಟು ಮಾಡಿದ್ದಕ್ಕೆ ಕೋಪವೋ, ಕೇಳುವ ಧೈರ್ಯ ಆಗಲಿಲ್ಲ. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಗೌರಿ ಹಬ್ಬದ ಸೀರೆ ಉಟ್ಟು, ಆಧಾರ್ ಕಾರ್ಡು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಹೊರಡಿ ಅಂದಳು.

ಕಂಪನಿ ಆಫೀಸಿನ ಹುಡುಗಿ ಮೊದಲು ನನ್ನ ಜೊತೆಗೇ ಮಾತಾಡುತ್ತಿದ್ದಳು. ನಿಮ್ಮತ್ತೆ ಕುರ್ಚಿ ಎಳೆದುಕೊಂಡು ನಡುವೆ ಕೂತಳು. ಏಜೆಂಟ್ ಇಲ್ಲದೆ ಬಂದಿದ್ದೇವೆ, ಹೆಚ್ಚು ಎಷ್ಟು ಕೊಡುತ್ತೀರಿ ಅಂತ ಕೇಳಿದವಳು ಅವಳೇ. ತಿಂಗಳಿಗೆ ನೂರಾ ನಲವತ್ತು ಹೆಚ್ಚು ಬಂತು. ಮಂಡಿಯಲ್ಲಿ ಇವಳನ್ನು ಕೂರಿಸಿದ್ದರೆ ನಾನು ಎಲ್ಲಿರುತ್ತಿದ್ದೆನೋ. ಆಧಾರ್ ಜೆರಾಕ್ಸ್ ಬೇಕು ಅಂದರು, ಕೆಳಗೆ ಹೋಗಿ ಮಾಡಿಸಿಕೊಂಡು ಬಂದೆ. ಅಷ್ಟರಲ್ಲಿ ಅವಳು ಸಹಿ ಹಾಕಿ ಮುಗಿಸಿದ್ದಳು. ಆ ಹುಡುಗಿ ಕಣ್ಣು ಒರೆಸಿಕೊಳ್ಳುತ್ತಿತ್ತು. ಏನಾಯಿತು ಅಂದರೆ ಇವಳು ಏನಿಲ್ಲ ಬನ್ನಿ ಅಂದಳು. ಕಮಿಷನ್ ಬಗ್ಗೆ ಜೋರು ಮಾಡಿರಬೇಕು ಅಂದುಕೊಂಡೆ.

ದುಡ್ಡು ಅಲ್ಲಿಂದ ಬಂದು ಇಲ್ಲಿಗೆ ಹೋಗುವುದಕ್ಕೆ ಕೆಲವು ದಿನ ಬೇಕಂತೆ. ಮುಂದಿನ ಒಂದನೇ ತಾರೀಕು ಸಂಬಳ ಇಲ್ಲ. ಬೀದಿಯವರಿಗೆ ಏನು ಹೇಳುತ್ತೀಯ ಅಂತ ಕೇಳಿದೆ. ಗಂಡ ರಜೆ ಹಾಕಿದ್ದಾನೆ ಅನ್ನುತ್ತಾಳಂತೆ.

ಈ ಕವರಿನಲ್ಲಿ ಮೂರೂವರೆ ಸಾವಿರ ಇದೆ, ಬಾಗಿಲ ಕೆಳಗೆ ತಳ್ಳುತ್ತೇನೆ. ರಸೀದಿ ಕಳಿಸು, ಮನೆ ವಿಳಾಸಕ್ಕೇ ಕಳಿಸು. ಸಾಕು, ನಿಮ್ಮತ್ತೆ ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ. ನಾನು ಬನ್ನಿನ ದುಡ್ಡು ಕೊಟ್ಟು ಬರುತ್ತೇನೆ.

ಮಾವ


ಶೋಭಿ,

ನಿಮ್ಮ ಮಾವ ಟೀ ಅಂಗಡಿಗೆ ಹೋದರು, ಬೇಗ ಬರೆಯುತ್ತೇನೆ. ನೀನು ನನಗಾಗಿ ಇಷ್ಟೆಲ್ಲ ಮಾಡಿದೆ, ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ಆ ಮೇಷ್ಟರ ವಿಷಯ ನಾನು ಸುಮ್ಮನೆ ಕಾಡಿಸುವುದಕ್ಕೆ ಹೇಳುತ್ತಿದ್ದೆ. ಇವರು ಅದನ್ನು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅಂತ ಗೊತ್ತಿದ್ದರೆ ಒಂದು ಸಾರಿಯೂ ಅನ್ನುತ್ತಿರಲಿಲ್ಲ.

ನೀವಿಬ್ಬರೂ ಒಂದು ತಿಂಗಳು ಕಾಗದ ಬರೆದುಕೊಂಡಿದ್ದೀರಿ, ಇವರು ಹೋದ ಮೇಲೆ ಸುವರ್ಣಮ್ಮನಿಗೆ ಏನು ಅಂತ. ನಿನ್ನ ಕಾಗದ ಎಲ್ಲ ತೋರಿಸಿದರು, ಎಲ್ಲ ಓದಿದೆ, ತಾವು ಬರೆದದ್ದನ್ನೂ ಹೇಳಿದರು. ಒಂದರಲ್ಲೂ ನಾನೇ ಮೊದಲು ಹೋದರೆ ಅಂತ ಇರಲಿಲ್ಲ. ಇವರು ಜೆರಾಕ್ಸ್‌ಗೆ ಹೋದಾಗ ಆ ಹುಡುಗಿಯನ್ನು ಕೇಳಿದೆ, ಈ ಸಹಿ ಹಾಕಿದ ಮೇಲೆ ನಾನು ಮೊದಲು ಹೋದರೆ ನಮ್ಮ ಯಜಮಾನರಿಗೆ ಏನೂ ಕಮ್ಮಿ ಆಗಲ್ಲ ತಾನೇ, ಇವರಿಗೆ ಅನ್ನ ಮಾಡಿಕೊಳ್ಳಲೂ ಬರಲ್ಲ, ದುಡ್ಡು ಕೊಟ್ಟೇ ತಿನ್ನಬೇಕಾಗುತ್ತದೆ ಅಂತ. ಒಂದು ರೂಪಾಯಿಯೂ ಕಮ್ಮಿ ಆಗಲ್ಲ ಅಮ್ಮ ಅಂದಳು. ಆಮೇಲೇ ಸಹಿ ಹಾಕಿದೆ.

ಸುವರ್ಣಮ್ಮ